ಘಾಟಿ ರಸ್ತೆಯಲ್ಲಿ ಎಂಕ್ಯೂಟಿಟಿ: ನನ್ನ ಅನುಭವ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಸರಕು ಒಯ್ಯುವ ವ್ಯಾನ್‌ಗಳ ಚಾಲಕರಿಗಾಗಿ ಮೊಬೈಲ್ ಆ್ಯಪ್ ಬರೆಯುವಾಗ ನನಗೆ ಮುಖ್ಯವೆನಿಸಿದ್ದು, ತಿರುವುಗಳಲ್ಲಿ ಸಿಗ್ನಲ್ ಹೋಗಿ ಮತ್ತೆ ಬಂದಾಗ ಯಾವ ಸಂದೇಶ ಉಳಿದಿರಬೇಕು, ಯಾವುದನ್ನು ಬಿಟ್ಟುಬಿಡಬಹುದು ಎಂಬ ಪ್ರಶ್ನೆ. ಇದಕ್ಕೆ ಎಂಕ್ಯೂಟಿಟಿಯನ್ನು (MQTT: 'ಬ್ರೋಕರ್' ಎಂಬ ಮಧ್ಯವರ್ತಿಯ ಮೂಲಕ ಸಾಧನಗಳು ಚಿಕ್ಕ ಸಂದೇಶಗಳನ್ನು ಹಂಚಿಕೊಳ್ಳುವ ಸಂವಹನ ನಿಯಮಾವಳಿ) ಆರಿಸಿಕೊಂಡೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದೇ ದುಬಾರಿ ಉಪಗ್ರಹ ಸಂಪರ್ಕದ ಮೂಲಕ ತೈಲ ಕೊಳವೆಗಳ ಮೇಲೆ ನಿಗಾ ಇಡಲು. ಆದ್ದರಿಂದ ಇದರ ಅತಿ ಚಿಕ್ಕ ಹೆಡರ್ (ಸಂದೇಶದ ತಲೆಯಲ್ಲಿರುವ ವಿವರ) ಎರಡೇ ಬೈಟ್.

ವ್ಯಾನ್ ಎಲ್ಲಿದೆ ಎಂಬ ಸಂದೇಶವನ್ನು ಕ್ಯೂಒಎಸ್ 0ರಲ್ಲಿ (ಕ್ಯೂಒಎಸ್ ಎಂದರೆ ತಲುಪುವ ಖಾತ್ರಿಯ ಮಟ್ಟ; 0 ಎಂದರೆ ಒಮ್ಮೆ ಕಳುಹಿಸಿ ಮರೆತುಬಿಡುವುದು), ರಿಟೇನ್ ಗುರುತು (ಕೊನೆಯ ಸಂದೇಶವನ್ನು ಬ್ರೋಕರ್ ಉಳಿಸಿಕೊಳ್ಳಲಿ ಎಂಬ ಸೂಚನೆ) ಹಾಕಿ ಕಳುಹಿಸಿದೆ. ಹತ್ತು ನಿಮಿಷ ಹಳೆಯದಾದ ಸ್ಥಳದಿಂದ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಸಂಪರ್ಕವಿಲ್ಲದಾಗ ಅದನ್ನು ಫೋನಿನಲ್ಲಿ ಕೂಡಿಡುವುದಿಲ್ಲ. ಕಚೇರಿಯಲ್ಲಿ ಪರದೆ ತೆರೆದವರಿಗೆ ಬ್ರೋಕರ್ ತನ್ನ ಬಳಿಯಿರುವ ಕೊನೆಯ ಸ್ಥಳವನ್ನು, ಅದು ದಾಖಲಾದ ಸಮಯದ ಸಮೇತ, ಕೂಡಲೇ ಕೊಡುತ್ತದೆ. (ಟಾಪಿಕ್‌ಗೆ, ಎಂದರೆ ಸಂದೇಶ ಹೋಗಬೇಕಾದ ವಿಳಾಸಕ್ಕೆ, ಕನ್ನಡದಲ್ಲೇ ಹೆಸರಿಡಬಹುದು, ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಅಕ್ಷರ, ಕಾಗುಣಿತ ಚಿಹ್ನೆ ಪ್ರತಿಯೊಂದಕ್ಕೂ ಮೂರು ಬೈಟ್ ಬೇಕು; ಮನಸ್ಸಿಲ್ಲದಿದ್ದರೂ ಚಿಕ್ಕ ಇಂಗ್ಲಿಷ್ ಹೆಸರುಗಳನ್ನೇ ಇಟ್ಟೆ.)

ಸರಕು ತಲುಪಿಸಿದ ರಸೀದಿಯ ವಿಷಯ ಬೇರೆ, ಏಕೆಂದರೆ ಅದರ ಹಿಂದೆ ದುಡ್ಡಿದೆ. ಚಾಲಕರು ಗುಂಡಿ ಒತ್ತಿದೊಡನೆ ಆ್ಯಪ್ ರಸೀದಿಗೊಂದು ಯುಯುಐಡಿ (ಬೇರಾವುದಕ್ಕೂ ಇರದ ಗುರುತು) ಕೊಟ್ಟು, ಮೊದಲು ಫೋನಿನ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಬರೆದುಕೊಂಡು, ಬಳಿಕ ಕ್ಯೂಒಎಸ್ 1ರಲ್ಲಿ (ಕನಿಷ್ಠ ಒಮ್ಮೆಯಾದರೂ ತಲುಪಿಸುವ ಮಟ್ಟ) ಕಳುಹಿಸುತ್ತದೆ. ಬ್ರೋಕರ್‌ನಿಂದ ಬರುವ ಪಬ್‌ಆ್ಯಕ್ ಎಂಬ ಸ್ವೀಕೃತಿಯು, ರಸೀದಿ ಬ್ರೋಕರ್‌ನ ಕೈಸೇರಿತು ಎಂದಷ್ಟೇ ಹೇಳುತ್ತದೆ, ಲೆಕ್ಕದ ಡೇಟಾಬೇಸಿಗೆ ಹೋಯಿತು ಎಂದಲ್ಲ. ಹಾಗಾಗಿ ಲೆಕ್ಕದ ಸರ್ವರ್ ರಸೀದಿಯನ್ನು ಉಳಿಸಿಕೊಂಡ ಮೇಲೆ ಬೇರೊಂದು ಟಾಪಿಕ್‌ನಲ್ಲಿ ಅದೇ ಯುಯುಐಡಿಯನ್ನು ಮರಳಿ ಕಳುಹಿಸುವಂತೆ ಮಾಡಿದೆ. ಅದು ಬಂದ ನಂತರವೇ ಫೋನಿನ ಪ್ರತಿ ಅಳಿಯುತ್ತದೆ. ಒಂದೇ ರಸೀದಿ ಎರಡು ಸಲ ಬಂದರೆ ಡೇಟಾಬೇಸಿನ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ದಾಖಲಾಗಬಾರದೆಂಬ ನಿಯಮ) ಅದನ್ನು ತಡೆಯುತ್ತದೆ. ಸರಿಯಾಗಿ ಒಂದೇ ಸಲ ತಲುಪಿಸುವ ಕ್ಯೂಒಎಸ್ 2 ಏಕೆ ಬೇಡವೆಂದು ಹಲವರು ಕೇಳಿದ್ದಾರೆ. ಅದರ ನಾಲ್ಕು ಪ್ಯಾಕೆಟ್‌ಗಳ ವಿನಿಮಯವೂ ಫೋನು ಮತ್ತು ಬ್ರೋಕರ್ ನಡುವಿನ ಭರವಸೆಯಷ್ಟೇ. ಕೊನೆಯಲ್ಲಿ ಪುನರಾವರ್ತನೆಯನ್ನು ನಾವೇ ತಡೆಯಬೇಕಾಗಿರುವಾಗ ಆ ಖರ್ಚು ನನಗೆ ದಂಡವೆನಿಸಿತು.

ಕಚೇರಿಯಿಂದ ಚಾಲಕರಿಗೆ ಹೋಗುವ ಸೂಚನೆಗಳಿಗೆ 2019ರಲ್ಲಿ ಮಾನಕವಾದ ಎಂಕ್ಯೂಟಿಟಿಯ 5ನೇ ಆವೃತ್ತಿ ನೆರವಾಯಿತು. ಸೆಷನ್ (ಫೋನಿನ ಬಗ್ಗೆ ಬ್ರೋಕರ್ ಇಟ್ಟುಕೊಂಡ ದಾಖಲೆ) ಉಳಿದಿರುವವರೆಗೆ ಬ್ರೋಕರ್ ಸೂಚನೆಗಳನ್ನು ಕಾದಿಡುತ್ತದೆಯಾದರೂ, ಪ್ರತಿ ಸಂದೇಶಕ್ಕೂ ಅವಧಿ ನಿಗದಿಪಡಿಸಿದ್ದರಿಂದ ಬೆಳಗಿನ ಸೂಚನೆ ಸಂಜೆ ಪ್ರತ್ಯಕ್ಷವಾಗುವುದಿಲ್ಲ. ಕೀಪ್ ಅಲೈವ್ (ಫೋನು ತಾನಿದ್ದೇನೆಂದು ತಿಳಿಸುತ್ತಿರಬೇಕಾದ ಅಂತರ) 60 ಸೆಕೆಂಡ್ ಇದ್ದರೆ, ಅದರ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡ್, ಫೋನಿನಿಂದ ಸದ್ದಿಲ್ಲವೆಂದಾಗ ಬ್ರೋಕರ್ ಸಂಪರ್ಕ ಕಡಿದು, ಸಂಪರ್ಕ ತಪ್ಪಿದರೆ ಹೊರಡಿಸಲೆಂದು ಫೋನು ಮೊದಲೇ ಕೊಟ್ಟಿಟ್ಟ 'ವಿಲ್' ಸಂದೇಶದ ಮೂಲಕ ವ್ಯಾನ್ ಕಾಣೆಯೆಂದು ಸಾರುತ್ತದೆ. ಘಾಟಿಯಲ್ಲಿ ಇದು ಪದೇ ಪದೇ ಆಗುವುದರಿಂದ 'ವಿಲ್' ಸಂದೇಶಕ್ಕೆ ಇಪ್ಪತ್ತು ನಿಮಿಷದ ವಿಳಂಬವಿಟ್ಟೆ. ಅಷ್ಟರೊಳಗೆ ಫೋನು ಅದೇ ಸೆಷನ್‌ಗೆ ಮರಳಿದರೆ ಆ ಸಂದೇಶ ಹೊರಡುವುದೇ ಇಲ್ಲ.

ಇನ್ನು ಆಂಡ್ರಾಯ್ಡ್ 6ರಿಂದ ಬಂದ ಡೋಜ್ ಎಂಬ ಬ್ಯಾಟರಿ ಉಳಿಸುವ ವ್ಯವಸ್ಥೆ, ಪರದೆ ಆರಿ ಅಲುಗಾಡದೆ ಇರುವ, ಚಾರ್ಜರ್‌ಗೆ ಸೇರಿಸದ ಫೋನಿನ ನೆಟ್‌ವರ್ಕನ್ನು ತಡೆಹಿಡಿಯುವುದರಿಂದ, ಪ್ರಯಾಣದ ಅವಧಿಯಲ್ಲಿ ಮಾತ್ರ ಫೋರ್‌ಗ್ರೌಂಡ್ ಸರ್ವಿಸ್ (ಬಳಕೆದಾರರಿಗೆ ಕಾಣುವ ಸೂಚನೆಯೊಂದಿಗೆ ನಡೆಯುತ್ತಲೇ ಇರುವ ಆ್ಯಪ್‌ನ ಕೆಲಸ) ಮೂಲಕ ಸಂಪರ್ಕ ಹಿಡಿದಿಟ್ಟು, ಉಳಿದ ಹೊತ್ತಿನಲ್ಲಿ ಆ್ಯಪನ್ನು ಎಬ್ಬಿಸುವ ಕೆಲಸವನ್ನು ಪುಶ್ ನೋಟಿಫಿಕೇಶನ್‌ಗೆ ಬಿಟ್ಟಿದ್ದೇನೆ.