ಹೆಸರು ಹೇಳಿ ಲಿಸನರ್ ತೆಗೆಯೋದು: ನನ್ನ ಅನುಭವ

ಜೆಕ್ವೆರಿ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇವೆಂಟ್‌ಗೆ (ಕ್ಲಿಕ್, ಕೀ ಒತ್ತುವುದು ಇತ್ಯಾದಿ) ಹೆಸರು ಅಂಟಿಸುವ ಸೌಲಭ್ಯ. ‘ಕ್ಲಿಕ್.ಮೆನು’ ಅಂತ ಲಿಸನರ್ (ಇವೆಂಟ್ ಆದಾಗ ಓಡುವ ಫಂಕ್ಷನ್) ಹಾಕಿ, ಆಮೇಲೆ ‘.ಮೆನು’ ಅಂತ ಆಫ್ ಮಾಡಿದರೆ ಸಾಕು. ಆ ಎಲಿಮೆಂಟ್ ಮೇಲಿರುವ ಮೆನು ಲಿಸನರ್‌ಗಳಷ್ಟೇ ಹೋಗುತ್ತವೆ, ಉಳಿದವು ಹಾಗೇ ಇರುತ್ತವೆ. ಒಂದು ಪ್ರಾಜೆಕ್ಟ್‌ನಿಂದ ಜೆಕ್ವೆರಿ ತೆಗೆದಾಗ ಬರೀ ಜಾವಾಸ್ಕ್ರಿಪ್ಟ್‌ನಲ್ಲೂ ಇದು ಬೇಕೆನಿಸಿತು.

ಬ್ರೌಸರ್‌ನ ರಿಮೂವ್‌ಇವೆಂಟ್‌ಲಿಸನರ್‌ಗೆ ಇಂಥ ಹೆಸರುಗಳೇ ಗೊತ್ತಿಲ್ಲ. ಇವೆಂಟ್ ಯಾವುದು, ಫಂಕ್ಷನ್ ಯಾವುದು, ಕ್ಯಾಪ್ಚರ್ (ಒಳಗಿನ ಎಲಿಮೆಂಟ್‌ಗೆ ತಲುಪುವ ಮೊದಲೇ ಇವೆಂಟ್ ಹಿಡಿಯುವ ಆಯ್ಕೆ) ಇದೆಯೋ ಇಲ್ಲವೋ, ಈ ಮೂರೂ ಹಾಕುವಾಗ ಇದ್ದ ಹಾಗೇ ಇರಬೇಕು. ಅದರಲ್ಲೂ ಫಂಕ್ಷನ್‌ನದೇ ಜಾಸ್ತಿ ತೊಂದರೆ. ಒಳಗಿನ ಕೋಡ್ ಒಂದೇ ಥರ ಇದ್ದರೆ ಸಾಲದು, ಅದೇ ಫಂಕ್ಷನ್ ಬೇಕು. ಬೈಂಡ್ ಕರೆದಾಗಲೆಲ್ಲ ಹೊಸ ಫಂಕ್ಷನ್ ಬರುತ್ತದೆ. ಅಲ್ಲೇ ಬರೆದ ಆರೋ ಫಂಕ್ಷನ್ ಅಂತೂ ಮತ್ತೆ ಕೈಗೆ ಸಿಗೋದೇ ಇಲ್ಲ. ತಾಳೆಯಾಗದಿದ್ದರೆ ಎರರ್ ಕೂಡ ಬರಲ್ಲ, ಲಿಸನರ್ ಸುಮ್ನೆ ಉಳಿದುಬಿಡುತ್ತದೆ.

ಎಲಿಮೆಂಟ್, ಇವೆಂಟ್, ಫಂಕ್ಷನ್ ಎಲ್ಲದರ ಪಟ್ಟಿ ಇಟ್ಟುಕೊಳ್ಳಬಹುದು. ಆದರೆ ಪುಟದಿಂದ ತೆಗೆದ ಎಲಿಮೆಂಟನ್ನೂ ಆ ಪಟ್ಟಿ ಹಿಡಿದುಕೊಂಡೇ ಇರುತ್ತದೆ, ಮೆಮೊರಿ ಖಾಲಿಯಾಗಲ್ಲ. ಹಾಗಾಗಿ ನಾನು ಬ್ರೌಸರ್‌ನಲ್ಲೇ ಇರುವ ಅಬಾರ್ಟ್‌ಕಂಟ್ರೋಲರ್ ಆರಿಸಿಕೊಂಡೆ. ಇದರ ಜೊತೆ ಒಂದು ಸಿಗ್ನಲ್ ಬರುತ್ತದೆ, ಕಂಟ್ರೋಲರನ್ನು ಅಬಾರ್ಟ್ ಮಾಡಿದರೆ ಆ ಸಿಗ್ನಲ್ ಕೊಟ್ಟು ಹಾಕಿದ ಲಿಸನರ್‌ಗಳೆಲ್ಲ ಹೋಗುತ್ತವೆ. ಆಡ್‌ಇವೆಂಟ್‌ಲಿಸನರ್‌ಗೆ ಅದರ ಸಿಗ್ನಲ್ ಕೊಡುವ ಸೌಲಭ್ಯ 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂತು.

ನಾನು ಬರೆದದ್ದು ಎರಡು ಪುಟ್ಟ ಫಂಕ್ಷನ್, ಜೊತೆಗೆ ಒಂದು ಮ್ಯಾಪ್. ಮ್ಯಾಪ್‌ನಲ್ಲಿ ಒಂದೊಂದು ಹೆಸರಿಗೂ ಒಂದೊಂದು ಕಂಟ್ರೋಲರ್. ‘ಆನ್’ ಆ ಹೆಸರಿನ ಕಂಟ್ರೋಲರ್ ಹುಡುಕುತ್ತದೆ, ಇಲ್ಲದಿದ್ದರೆ ಹೊಸದು ಮಾಡುತ್ತದೆ, ಅದರ ಸಿಗ್ನಲ್ ಸೇರಿಸಿ ಲಿಸನರ್ ಹಾಕುತ್ತದೆ. ‘ಆಫ್’ ಅಬಾರ್ಟ್ ಮಾಡಿ ಆ ಹೆಸರನ್ನು ಮ್ಯಾಪ್‌ನಿಂದ ಅಳಿಸುತ್ತದೆ.

ಈ ಅಳಿಸುವ ಸಾಲನ್ನು ಬಿಡಲೇಬೇಡಿ. ಒಮ್ಮೆ ಅಬಾರ್ಟ್ ಆದ ಸಿಗ್ನಲ್ ಮತ್ತೆ ಕೆಲಸಕ್ಕೆ ಬರಲ್ಲ. ಅದನ್ನೇ ಕೊಟ್ಟರೆ ಬ್ರೌಸರ್ ಲಿಸನರ್ ಹಾಕೋದೇ ಇಲ್ಲ, ಹಾಕಲಿಲ್ಲ ಅಂತ ಹೇಳೋದೂ ಇಲ್ಲ. ಮೆನು ಮೊದಲ ಸಲ ಎಸ್ಕೇಪ್ ಒತ್ತಿದಾಗ ಮುಚ್ಚಿ, ಎರಡನೇ ಸಲ ಮುಚ್ಚದಿದ್ದರೆ ಮೊದಲು ಇಲ್ಲಿ ನೋಡಿ.

ಇದರಲ್ಲಿ ಜೆಕ್ವೆರಿಗಿಂತ ಒಂದು ಅನುಕೂಲ ಜಾಸ್ತಿ. ನನ್ನ ಮೆನುವಿಗೆ ಡಾಕ್ಯುಮೆಂಟ್ ಮೇಲೆ ಕ್ಲಿಕ್, ಕೀಡೌನ್, ವಿಂಡೋ ಮೇಲೆ ರೀಸೈಜ್ ಬೇಕಿತ್ತು. ಜೆಕ್ವೆರಿಯಲ್ಲಾದರೆ ಡಾಕ್ಯುಮೆಂಟ್‌ಗೂ ವಿಂಡೋಗೂ ಬೇರೆ ಬೇರೆ ಆಫ್ ಮಾಡಬೇಕು. ಇಲ್ಲಿ ಒಂದೇ ಅಬಾರ್ಟ್‌ಗೆ ಮೂರೂ ಹೋಗುತ್ತವೆ, ಎಷ್ಟು ನೆಮ್ಮದಿ ಅಲ್ವಾ!

ಒಂದೇ ಲಿಸನರ್‌ಗೆ ‘ಮೆನು’, ‘ಪುಟ’ ಎರಡೂ ಹೆಸರು ಬೇಕಿದ್ದರೆ ಎರಡು ಸಿಗ್ನಲ್‌ಗಳನ್ನು ಅಬಾರ್ಟ್‌ಸಿಗ್ನಲ್.ಎನಿಗೆ ಕೊಡುತ್ತೇನೆ. ಯಾವುದು ಮೊದಲು ಅಬಾರ್ಟ್ ಆದರೂ ಲಿಸನರ್ ಹೋಗುತ್ತದೆ. ಇದು ಹೊಸದು, ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂದಿದ್ದು 2024ರಲ್ಲಿ. ಹಳೆಯ ಬ್ರೌಸರ್‌ಗಳಲ್ಲೂ ನಡೆಯಬೇಕಾದ ಕಡೆ ನಾನು ಒಂದು ಲಿಸನರ್‌ಗೆ ಒಂದೇ ಹೆಸರು ಕೊಡುತ್ತೇನೆ.