ಗಣೇಶನ ಸಭೆಯಲ್ಲೇ ಚರಂಡಿ ಮಾತೂ ಮುಗಿಸಿ

ದಾವಣಗೆರೆಯ ನಮ್ಮ ಬಡಾವಣೆಗಳಲ್ಲಿ ಗಣೇಶನ ಹಬ್ಬ ಹತ್ತಿರ ಬಂದರೆ ಜನ ತಾವಾಗಿಯೇ ಸೇರುತ್ತಾರೆ. ಚಂದಾ, ಪೆಂಡಾಲ್ ಮಾತು ಮುಗಿದ ಮೇಲೆ ಅರ್ಧ ಗಂಟೆ ಚರಂಡಿ, ಬೀದಿ ದೀಪಕ್ಕೂ ಇಡಿ. ಬೇರೆ ಸಭೆ ಕರೆದರೆ ಇಷ್ಟು ಜನ ಬರುವುದಿಲ್ಲ. ಬಾಡಿಗೆ ಮನೆಯವರನ್ನೂ ಕರೆಯಿರಿ, ಚರಂಡಿ ವಾಸನೆ ಅವರಿಗೂ ಬರುತ್ತದೆ.

ಮಾತಾಡಿದ್ದನ್ನು ಅವತ್ತೇ ಬರೆದು ಎಲ್ಲರ ಸಹಿ ಹಾಕಿಸಿ. ಆದರೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಬೇಡಿ. ಚರಂಡಿ, ಕಸ, ಬೀದಿ ದೀಪ ಮಹಾನಗರ ಪಾಲಿಕೆಗೆ. ಮನೆ ಕರೆಂಟ್ ತೊಂದರೆ, ಜೋತುಬಿದ್ದ ವೈರ್ ಇದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. "ನಮ್ಮ ಏರಿಯಾದಲ್ಲಿ ಲೈಟಿಲ್ಲ" ಅಂತ ಸುಮ್ನೆ ಬರೆದರೆ ಪ್ರಯೋಜನವಿಲ್ಲ. "ನಾಲ್ಕನೇ ಮೇನ್, ಏಳನೇ ಕ್ರಾಸ್ ಮೂಲೆ, ಹಿಟ್ಟಿನ ಗಿರಣಿ ಎದುರಿನ ಕಂಬ" ಅಂತ ಬರೆಯಿರಿ. ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಸೇರಿಸಿ. ಕೆಲಸದವರು ಹುಡುಕದೆ ನೇರವಾಗಿ ಅಲ್ಲಿಗೇ ಬರಬೇಕು, ಅಲ್ವಾ?

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಪಾಲಿಕೆ ಕಚೇರಿಯ ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಸೀಲಿಲ್ಲದಿದ್ದರೆ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಕೆಲಸ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಇರಲಿ. 30 ದಿನದಲ್ಲಿ ಉತ್ತರ ಕೊಡಬೇಕು. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ. "ನಮ್ಮ ಅರ್ಜಿ ಮೇಲೆ ತೆಗೆದುಕೊಂಡ ಕ್ರಮದ ದಾಖಲೆಗಳ ಪ್ರತಿ ಕೊಡಿ" ಅಂತ ಕೇಳಿ.