ಕ್ಲಿನಿಕಲ್ ರಿಸರ್ಚ್ ಸಿಬ್ಬಂದಿ ಮೇಲಿನ ಸಂಶೋಧನೆಗೆ ಎಷ್ಟು ಗಮನ? ನಾನು ಅಳೆದು ನೋಡಿದ ಬಗೆ

ಔಷಧ ಪ್ರಯೋಗ ಅಂದ ಕೂಡಲೇ ನಮಗೆ ಡಾಕ್ಟರು ನೆನಪಾಗುತ್ತಾರೆ. ಆದರೆ ಒಪ್ಪಿಗೆ ಪತ್ರವನ್ನು ರೋಗಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಕೋಆರ್ಡಿನೇಟರ್‌ಗಳು, ಅಂದರೆ ಪ್ರಯೋಗದ ದಿನನಿತ್ಯದ ಕೆಲಸ ನೋಡಿಕೊಳ್ಳುವ ಸಿಬ್ಬಂದಿ. ಅರಕಲಗೂಡು, ಬೇಲೂರು ಕಡೆಯಿಂದ ಫಾಲೋಅಪ್‌ಗೆ ಬರಬೇಕಾದವರಿಗೆ ಫೋನ್ ಮಾಡುವವರೂ ಅವರೇ. ಇವರ ತರಬೇತಿ, ಕೆಲಸದ ಹೊರೆ, ಕೆಲಸ ಬಿಟ್ಟು ಹೋಗುವ ಕಾರಣ, ಇವೆಲ್ಲದರ ಬಗ್ಗೆಯೂ ಸಂಶೋಧನೆ ನಡೆಯುತ್ತದೆ. ಅದನ್ನು ಯಾರಾದರೂ ನೋಡುತ್ತಾರಾ? ಹಾಸನದಲ್ಲಿ ಲೈಬ್ರರಿ ಕೆಲಸ ಮಾಡುವ ನನಗೆ ಇದನ್ನು ತಿಳಿಯಲೇಬೇಕು ಅನ್ನಿಸಿತು.

ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ಹುಡುಕಿ, ಪ್ರತಿ ಲೇಖನದ ಡಿಒಐ ಸಂಖ್ಯೆಯನ್ನು (ಆ ಲೇಖನದ ಕಾಯಂ ಗುರುತು) ಒಂದು ಶೀಟಿಗೆ ಹಾಕಿದೆ. ಹುಡುಕುವಾಗ ಕೋಆರ್ಡಿನೇಟರ್ ಅಂತ ಮಾತ್ರ ಕೊಟ್ಟರೆ ಸಾಲದು. ರಿಸರ್ಚ್ ನರ್ಸ್, ಟ್ರಯಲ್ ಮ್ಯಾನೇಜರ್ ಅಂತಲೂ ಕೊಡಬೇಕು, ದೇಶದಿಂದ ದೇಶಕ್ಕೆ ಹುದ್ದೆಯ ಹೆಸರು ಬೇರೆ. ಒಂದು ಲೇಖನದ ಬಗ್ಗೆ ಆನ್‌ಲೈನ್‌ನಲ್ಲಿ ಎಲ್ಲೆಲ್ಲಿ ಮಾತು ಬಂದಿದೆ ಅಂತ ಹುಡುಕಿ ಅಂಕ ಕೊಡುವ ಸೇವೆ ಆಲ್ಟ್‌ಮೆಟ್ರಿಕ್. ಆಮೇಲೆ ಅದರ ಉಚಿತ ಬುಕ್‌ಮಾರ್ಕ್‌ಲೆಟ್‌ನಿಂದ (ಬ್ರೌಸರ್‌ನಲ್ಲಿ ಇಟ್ಟುಕೊಳ್ಳುವ ಗುಂಡಿ) ಒಂದೊಂದೇ ಲೇಖನ ತೆರೆದು ನೋಡಿದೆ. ನೋಡಿದ ತಾರೀಖನ್ನೂ ಬರೆದಿಟ್ಟೆ, ಯಾಕಂದ್ರೆ ಅಂಕ ದಿನ ಕಳೆದಂತೆ ಬದಲಾಗುತ್ತದೆ.

ಈ ಅಂಕ ಹೇಗೆ ಬರುತ್ತದೆ ಅಂತ ತಿಳಿಯದೆ ಮುಂದೆ ಹೋಗಬಾರದು. ಸುದ್ದಿತಾಣದ ಒಂದು ಉಲ್ಲೇಖಕ್ಕೆ ಸಾಮಾನ್ಯವಾಗಿ 8, ಬ್ಲಾಗಿಗೆ 5, ವಿಕಿಪೀಡಿಯಕ್ಕೆ 3. ಫೇಸ್‌ಬುಕ್ಕಿನ ಸಾರ್ವಜನಿಕ ಪುಟಕ್ಕೆ 0.25 ಮಾತ್ರ. ವಿಕಿಪೀಡಿಯದ ಎಷ್ಟು ಪುಟಗಳಲ್ಲಿ ಬಂದರೂ ಸಿಗುವುದು ಅದೇ 3. ಲೇಖನಗಳನ್ನು ಕೂಡಿಟ್ಟುಕೊಳ್ಳುವ ತಂತ್ರಾಂಶ ಮೆಂಡೆಲಿಯಲ್ಲಿ ಎಷ್ಟು ಜನ ಲೇಖನ ಉಳಿಸಿಕೊಂಡಿದ್ದಾರೆ ಅಂತ ಪಕ್ಕದಲ್ಲಿ ಕಾಣಿಸುತ್ತದೆ, ಆದರೆ ಅಂಕಕ್ಕೆ ಸೇರುವುದಿಲ್ಲ. ಇದು ಮುಖ್ಯ. ಓದಲು ಎತ್ತಿಟ್ಟವರು ಜಾಸ್ತಿ ಇದ್ದರೂ ಅಂಕ ಸೊನ್ನೆ ಇರಬಹುದು ಅಲ್ವಾ? ಹಾಗಾಗಿ ನಾನು ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಟ್ಟೆ.

ಅಂಕಕ್ಕಿಂತ ನನಗೆ ಜಾಸ್ತಿ ಕಲಿಸಿದ್ದು ಅದರ ಹಿಂದಿನ ಪಟ್ಟಿ. ಪ್ರತಿ ಉಲ್ಲೇಖವನ್ನೂ ತೆರೆದು, ಹೇಳಿದವರು ಯಾರು ಅಂತ ನೋಡಿದೆ. ಲೇಖಕರಾ, ಲೇಖನ ಪ್ರಕಟಿಸಿದ ಪತ್ರಿಕೆಯ ಸ್ವಂತ ಖಾತೆಯಾ, ಕೋಆರ್ಡಿನೇಟರಾ, ಸರ್ಕಾರದ ನೀತಿ ದಾಖಲೆಯಾ? ಲೇಖನದ ಶೀರ್ಷಿಕೆಯನ್ನೇ ಹಾಗೇ ಹಾಕಿದ ಪೋಸ್ಟು ಒಂದು ಬಗೆ. "ನಮ್ಮ ವಿಭಾಗದಲ್ಲೂ ಹೀಗೇ" ಅಂತ ಬರೆದದ್ದು ಇನ್ನೊಂದು ಬಗೆ. ಎರಡಕ್ಕೂ ತೂಕ ಒಂದೇ. ಈ ವ್ಯತ್ಯಾಸ ಹಿಡಿಯಲು ಕೂತು ಓದಲೇಬೇಕು, ಬೇರೆ ದಾರಿ ಇಲ್ಲ. ಬೇಸರದ ಕೆಲಸವೇ, ಆದರೆ ನಿಜವಾದ ಅಳತೆ ಸಿಗುವುದು ಇಲ್ಲೇ.

ಪರಿಚಯದ ಒಬ್ಬ ಕೋಆರ್ಡಿನೇಟರ್‌ಗೆ ಶೀಟು ತೋರಿಸಿದೆ. "ಸರ್, ನಾವು ಇಂಥದ್ದನ್ನೆಲ್ಲ ವಾಟ್ಸಾಪ್ ಗ್ರೂಪಲ್ಲೇ ಹಾಕ್ಕೊಳ್ಳೋದು. ಅದು ಇದ್ರಲ್ಲಿ ಬರುತ್ತಾ?" ಅಂದರು. ಬರುವುದಿಲ್ಲ. ಖಾಸಗಿ ಗ್ರೂಪಿನ ಮಾತು ಯಾವ ಎಣಿಕೆಗೂ ಸಿಗದು. ಅಂದರೆ ಯಾರ ಬದುಕಿನ ಬಗ್ಗೆ ಸಂಶೋಧನೆ ನಡೆದಿದೆಯೋ ಅವರ ಮಾತೇ ಹೊರಗೆ ಉಳಿಯುತ್ತದೆ. ನನ್ನನ್ನು ತುಂಬಾ ಕಾಡಿದ್ದು ಇದು.

ಅದಕ್ಕೆ ಈಗ ಸೊನ್ನೆ ಬಂದ ಲೇಖನವನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ಅಂಥವುಗಳಲ್ಲಿ ಉಚಿತವಾಗಿ ಓದಲು ಸಿಗುವುದನ್ನು ಆರಿಸಿ, ಕನ್ನಡದಲ್ಲಿ ಅರ್ಧ ಪುಟದ ಸಾರ ಬರೆದು ಕೋಆರ್ಡಿನೇಟರ್‌ಗಳಿಗೆ ಕೊಡುತ್ತೇನೆ. ಅವರು ಏನು ಹೇಳಿದರು ಅಂತ, ಅವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಶೀಟಿನ ಇನ್ನೊಂದು ಕಾಲಂನಲ್ಲಿ ಬರೆಯುತ್ತಿದ್ದೇನೆ.